14 ಅಂದವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ

ಕಾಸರಗೋಡಿನ ನಮ್ಮ ಕನ್ನಡ ಮೀಡಿಯಂ ಶಾಲೆಯಲ್ಲಿ ಎನ್‌ಎಂಎಂಎಸ್ ಅನ್ನುವ, ಬಡ ಮನೆಯ ಮಕ್ಕಳಿಗಿರುವ ಸ್ಕಾಲರ್‌ಶಿಪ್ ಪರೀಕ್ಷೆಯ ಚಾರ್ಜು ಬೀಳುವುದು ಗಣಿತದವರ ತಲೆಗೇ. ಎಸ್‌ಆರ್‌ಜಿಯಲ್ಲಿ, ಅಂದರೆ ಟೀಚರ್‌ಗಳ ಮೀಟಿಂಗಿನಲ್ಲಿ, ಆ ವಿಷಯ ಬಂದಾಗ ಉಳಿದವರೆಲ್ಲ ಚಹಾ ಲೋಟದೊಳಗೆ ನೋಡುತ್ತಾ ಕೂರುತ್ತಾರೆ. ನನ್ನ ಹೆಸರು ಬರೆದುಕೊಂಡ ಹೆಚ್‌ಎಂ ಮೇಲಿಂದ ಒಂದು ಮಾತು ಸೇರಿಸಿದರು: "ಎಲ್ಲರನ್ನೂ ಎಳ್ಕೊಂಡು ಹೋಗ್ಬೇಡಿ ಮಾಷ್ಟ್ರೆ. ಗಟ್ಟಿ ಮಕ್ಕಳದ್ದು ಒಂದು ಬ್ಯಾಚ್ ಮಾಡಿ. ಗೇಟಿಗೆ ಫ್ಲೆಕ್ಸ್ ಕಟ್ಟುವ ಹಾಗೆ ಆಗ್ಬೇಕು."

ನನಗೂ ಅದು ಸರಿ ಅಂತಲೇ ಕಂಡಿತು. ಎನ್‌ಎಂಎಂಎಸ್‌ಗೆ ಎಂಟನೇ ಕ್ಲಾಸಿನಲ್ಲಿ ಮಾತ್ರ ಅವಕಾಶ. ಬುದ್ಧಿಶಕ್ತಿ ಅಳೆಯುವ ಮ್ಯಾಟ್ ಪೇಪರಿಗೆ 90 ಪ್ರಶ್ನೆ, 90 ನಿಮಿಷ. ಪಾಠದ ವಿಷಯಗಳ ಸ್ಯಾಟ್ ಪೇಪರಿಗೂ ಅಷ್ಟೇ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪ್ಲಸ್ ಟು ತನಕ ವರ್ಷಕ್ಕೆ 12,000 ರೂಪಾಯಿ. ಸಂಜೆ ಬಸ್ಸಿನ ತಾಪತ್ರಯ ಬೇರೆ ಇತ್ತು, ಎಲ್ಲರನ್ನೂ ನಿಲ್ಲಿಸಿಕೊಳ್ಳಲು ಆಗುತ್ತಿರಲಿಲ್ಲ. ವಾಟ್ಸಾಪ್ ಗ್ರೂಪಿಗೆ ಬಂದ ಪಿಡಿಎಫ್ ಒಂದನ್ನು ಪ್ರಿಂಟ್ ತೆಗೆದು ಟೆಸ್ಟ್ ಕೊಟ್ಟೆ. ಅದರ ಉತ್ತರದ ಕೀ ಇಟ್ಟುಕೊಂಡು ಮಾರ್ಕು ಹಾಕಿದೆ. ಮೇಲಿನವರು ಬ್ಯಾಚಿಗೆ, ಉಳಿದವರು ಮನೆಗೆ.

ಬೀಡಿ ಕಟ್ಟುವ ಮನೆಯ ಒಬ್ಬಳು ಹುಡುಗಿ ಆ ಬ್ಯಾಚಿಗೆ ಬರಲಿಲ್ಲ. ನನಗೆ ಆಶ್ಚರ್ಯವೂ ಆಗಲಿಲ್ಲ. ಮನೆಯಲ್ಲಿ ತುಳು, ಕನ್ನಡ ಶುರುವಾದದ್ದು ಶಾಲೆಯಲ್ಲೇ. ಕನ್ನಡ ಟೀಚರ್ ಹೇಳುತ್ತಿದ್ದರು, ನಾಲ್ಕು ಸಾಲು ಬರೆಯಬೇಕಾದಲ್ಲಿ ಒಂದೇ ಸಾಲು ಬರೆದು ಕೂರ್ತಾಳೆ ಅಂತ. ಏಳರಲ್ಲಿ ಯುಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೂ ಅವಳು ಕೂತಿರಲಿಲ್ಲ. ಅದಕ್ಕೆ ಕೂರಬೇಕಾದರೆ ಅದಕ್ಕೂ ಮೊದಲು ಟರ್ಮ್ ಪರೀಕ್ಷೆಯಲ್ಲಿ ಎ ಗ್ರೇಡ್ ತೋರಿಸಬೇಕಿತ್ತು. ಇಲಾಖೆಯ ಗಿಫ್ಟೆಡ್ ಚಿಲ್ಡ್ರನ್ ಪಟ್ಟಿ ತಯಾರಾಗುತ್ತಿದ್ದದ್ದು ಯುಎಸ್‌ಎಸ್ ಗೆದ್ದವರೊಳಗಿನಿಂದ. ಚೆನ್ನಾಗಿ ಬರೆಯುವವರನ್ನು ಮೊದಲು ಆರಿಸಿ, ಆಮೇಲೆ ಅವರಲ್ಲಿ ಬುದ್ಧಿವಂತರು ಯಾರು ಅಂತ ಹುಡುಕುವುದು. ಸರ್ಕಾರವೇ ಹೀಗೆ ಮಾಡುವಾಗ ನಾನು ಮಾಡಿದ್ದರಲ್ಲಿ ಏನು ವಿಶೇಷ, ಅಲ್ವಾ?

ಅರ್ಜಿಯ ಕೊನೇ ದಿನ. ಕಂಪ್ಯೂಟರ್ ಲ್ಯಾಬಿನಲ್ಲಿ ಬ್ಯಾಚಿನವರ ಫಾರ್ಮು ತುಂಬಿಸುತ್ತಿದ್ದೆ. ಸೈಟು ತಿರುಗುತ್ತಲೇ ಇತ್ತು. ಒಬ್ಬನ ಫೋಟೋ ಸೈಜು ಜಾಸ್ತಿ, ಇನ್ನೊಬ್ಬನ ಓಟಿಪಿ ಮಂಗಳೂರಿಗೆ ಕೆಲಸಕ್ಕೆ ಹೋದ ಅಪ್ಪನ ಫೋನಿಗೆ. ಆಗ ಈ ಹುಡುಗಿ ಹಳೇ ಟೆಸ್ಟ್ ಪೇಪರ್ ಹಿಡಿದು ಬಾಗಿಲಲ್ಲಿ ನಿಂತಳು. "ಸರ್, ಇದಕ್ಕೆ 14 ಕೂಡ ಸರಿ ಅಲ್ವಾ?"

ಪ್ರಶ್ನೆ: 2, 4, 8, ಮುಂದಿನದು ಏನು ಅಂತ. ಕೀಯಲ್ಲಿ 16. "ಅಲ್ಲ, ಎರಡೆರಡು ಪಟ್ಟು ಆಗ್ತಾ ಹೋಗೋದು, ಆಮೇಲೆ ಬಾ" ಅಂದೆ, ಸ್ಕ್ರೀನಿಂದ ಕಣ್ಣು ತೆಗೆಯದೆ. ಅವಳು ಹೋಗಲಿಲ್ಲ. "ಎರಡು ಕೂಡಿಸಿದ್ರೆ ನಾಲ್ಕು. ನಾಲ್ಕು ಕೂಡಿಸಿದ್ರೆ ಎಂಟು. ಇನ್ನು ಆರು ಕೂಡಿಸಿದ್ರೆ?" ಆಯ್ಕೆಗಳಲ್ಲಿ 14 ಕೂಡ ಇತ್ತು. ಪೇಪರ್ ಕೈಗೆ ತೆಗೆದುಕೊಂಡೆ. 8, 27, 64, 81ರಲ್ಲಿ ಸೇರದ್ದು ಯಾವುದು ಅಂದಲ್ಲಿ ಕೀ 81 ಅನ್ನುತ್ತದೆ, ಅದು ಘನ ಅಲ್ಲ ಅಂತ. ಇವಳು 64ಕ್ಕೆ ಗುರುತು ಹಾಕಿದ್ದಳು. ಯಾಕೆ ಅಂದರೆ, "ಅದು ವರ್ಗವೂ ಹೌದು, ಘನವೂ ಹೌದು. ಬೇರೆ ಯಾವುದೂ ಎರಡೂ ಆಗೋದಿಲ್ಲ." ಇಂಥ ಎಲ್ಲದಕ್ಕೂ ನಾನು ಕೆಂಪು ಗೀಟು ಎಳೆದಿದ್ದೆ. ಗಂಟೆ ಎರಡೂವರೆ ಕಳೆದಿತ್ತು.

ಪಕ್ಕದ ಕಂಪ್ಯೂಟರಿನಲ್ಲಿದ್ದ, ಲಿಟಲ್ ಕೈಟ್ಸ್ ಅನ್ನುವ ಮಕ್ಕಳ ಐಟಿ ಕ್ಲಬ್ಬು ನೋಡಿಕೊಳ್ಳುವ ಟೀಚರ್ ತಲೆ ಎತ್ತಿ, "ಅವಳನ್ನು ಬಿಟ್ಟಿದ್ದೀರಾ? ನನ್ನ ಲಿಟಲ್ ಕೈಟ್ಸ್‌ನಲ್ಲಿ ಸ್ಕ್ರ್ಯಾಚ್ ಪ್ರೋಗ್ರಾಮಿಂಗ್ ಎಲ್ಲರಿಗಿಂತ ಮೊದಲು ಮುಗಿಸುವವಳು ಇವಳೇ" ಅಂದರು. ಲಿಟಲ್ ಕೈಟ್ಸ್ ಪ್ರವೇಶ ಪರೀಕ್ಷೆಯನ್ನು ಎಂಟನೆಯವರಲ್ಲಿ ಅರ್ಜಿ ಕೊಟ್ಟವರೆಲ್ಲ ಬರೆಯಬಹುದು. ಅಲ್ಲಿ ಕಂಡವಳು ನನ್ನ ಪಟ್ಟಿಯಲ್ಲಿ ಕಾಣಲಿಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತೇವೆ, ಒಂದು ಮಾತು ಕೇಳಿರಲಿಲ್ಲ.

ಏಳರ ಮಾರ್ಕು ನೋಡಿದೆ. 55 ಶೇಕಡಾ ದಾಟಿತ್ತು, ಅಷ್ಟು ಸಾಕು. ಬೇಕಾಗಿದ್ದದ್ದು ಆದಾಯ ಸರ್ಟಿಫಿಕೇಟು. ಅವಳಮ್ಮ ಅರ್ಧ ಗಂಟೆಯಲ್ಲಿ ಪಿಂಕ್ ರೇಷನ್ ಕಾರ್ಡು ಹಿಡಿದು ಓಡಿ ಬಂದರು. "ಇದು ಸಾಕಾಗೋದಿಲ್ವಾ ಮಾಷ್ಟ್ರೇ?" ಆದ್ಯತಾ ಪಟ್ಟಿಯ ಕಾರ್ಡು ಅದು, ಬಡವರು ಅಂತ ಸರ್ಕಾರವೇ ಕೊಟ್ಟದ್ದು. ಆದರೂ ಆದಾಯ 3.5 ಲಕ್ಷಕ್ಕಿಂತ ಹೆಚ್ಚಿಲ್ಲ ಅಂತ ವಿಲ್ಲೇಜ್ ಆಫೀಸಿನಿಂದ ಬೇರೆ ಕಾಗದ ಆಗಬೇಕು. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಕಳಿಸಿದೆವು. ಅರ್ಜಿ ಹೋಯಿತು. ವಿಲ್ಲೇಜ್ ಆಫೀಸರ್ ಒಪ್ಪಿಗೆ ಕೊಡಬೇಕಿತ್ತು, ಅವರು ಎಲ್ಲೋ ಸೈಟ್ ನೋಡಲು ಹೋಗಿದ್ದರಂತೆ. ನಾನು ರಿಫ್ರೆಶ್ ಒತ್ತುವುದು, ಪೆಂಡಿಂಗ್ ಅನ್ನುವುದು. ಮತ್ತೆ ಒತ್ತುವುದು, ಮತ್ತೆ ಪೆಂಡಿಂಗ್. ಹುಡುಗಿ ಬೆಂಚಿನಲ್ಲಿ ಕೂತು ಇನ್ನೊಂದು ಪಿಡಿಎಫ್‌ನ ಪ್ರಶ್ನೆ ಬಿಡಿಸುತ್ತಿದ್ದಳು, ತನಗೂ ಇದಕ್ಕೂ ಸಂಬಂಧ ಇಲ್ಲದ ಹಾಗೆ. ಐದಕ್ಕೆ ಪೋರ್ಟಲ್ ಮುಚ್ಚಿತು. ಸರ್ಟಿಫಿಕೇಟು ಬಂದದ್ದು ಎರಡು ದಿನ ಬಿಟ್ಟು.

"ಹೋಗ್ಲಿ ಬಿಡಿ, ನಮ್ಮ ಬ್ಯಾಚ್ ಇದೆಯಲ್ಲ" ಅಂದರು ಹೆಚ್‌ಎಂ. ಬ್ಯಾಚಿನಲ್ಲಿ ಕೆಲವರಿಗೆ ಸಿಕ್ಕಿತು. ಫ್ಲೆಕ್ಸೂ ಬಿತ್ತು.

ಈಗ ಜೂನ್‌ನ ಮೊದಲ ಕ್ಲಾಸ್ ಪಿಟಿಎಯಲ್ಲೇ ಎಂಟನೆಯ ಎಲ್ಲರಿಗೂ ಆದಾಯ ಸರ್ಟಿಫಿಕೇಟು ಮಾಡಿಸಲು ಹೇಳುತ್ತೇನೆ. ಅರ್ಹತೆ ಇದ್ದವರೆಲ್ಲ ಫಾರ್ಮು ಹಾಕುತ್ತಾರೆ. ಶೇಕಡಾವಾರು ರಿಸಲ್ಟ್ ಬಿದ್ದುಹೋಗುತ್ತದೆ ಅಂತ ಹೆಚ್‌ಎಂಗೆ ಸಿಟ್ಟು. ಬೀಳಲಿ. ಟೆಸ್ಟ್ ಪೇಪರಿನಲ್ಲಿ ಉತ್ತರದ ಪಕ್ಕ ಒಂದು ಸಾಲು ಜಾಗ ಬಿಡುತ್ತೇನೆ, ಯಾಕೆ ಅಂತ ಬರೆಯಲು. ತುಳುವಿನಲ್ಲಾದರೂ ಬರೆಯಲಿ, ಬ್ಯಾರಿಯಲ್ಲಾದರೂ ಬರೆಯಲಿ. ತಿದ್ದುವುದಕ್ಕೆ ದುಪ್ಪಟ್ಟು ಹೊತ್ತು ಬೇಕು, ಅದು ಮಾತ್ರ ಕಷ್ಟ.

ಹುಡುಗಿ ಈಗ ಒಂಬತ್ತರಲ್ಲಿದ್ದಾಳೆ. ಎಂಟನೆಯವರಿಗೆ ಪೇಪರ್ ಕೊಡುವ ಮೊದಲು ಅವಳ ಕೈಗೆ ಕೊಡುತ್ತೇನೆ. ಎರಡು ಉತ್ತರ ಬರುವ ಪ್ರಶ್ನೆಗಳನ್ನು ಹೊಡೆದು ಹಾಕುತ್ತಾಳೆ. ನಾಲ್ಕು ವರ್ಷದ 48,000 ರೂಪಾಯಿಗೆ ಮಾತ್ರ ಬದಲಿ ಏನೂ ಸಿಕ್ಕಿಲ್ಲ. ಪಿಟಿಎ ಫಂಡಿನಿಂದ ಏನಾದರೂ ಕೊಡಬಹುದಾ ಅಂತ ಕೇಳಿದ್ದೆ. ನೋಡೋಣ ಅಂದಿದ್ದಾರೆ. ಮುಂದಿನ ಮೀಟಿಂಗು ಓಣಂ ರಜೆ ಕಳೆದ ಮೇಲೆ.