ಫಿಲ್ಮ್ ಕ್ಯಾಮೆರಾಕ್ಕೆ ಕಡಿಮೆ ಬೆಲೆಯಲ್ಲಿ ಯಾವ ಫ್ಲ್ಯಾಶ್ ತಗೊಳ್ಳಲಿ?

ಅಟ್ಟದಿಂದಲೋ ಹಳೇ ಸಾಮಾನಿನ ಅಂಗಡಿಯಿಂದಲೋ ಒಂದು ಫಿಲ್ಮ್ ಕ್ಯಾಮೆರಾ ಕೈಗೆ ಬಂದವರೆಲ್ಲ ಎರಡನೇ ರೋಲ್ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆ ಇದು. ಮೊದಲ ರೋಲಿನಲ್ಲಿ ಮನೆಯೊಳಗೆ ತೆಗೆದ ಫೋಟೊಗಳೆಲ್ಲ ಕಪ್ಪಾಗಿರುತ್ತವೆ, ಇಲ್ಲವೇ ಕೈ ಅಲ್ಲಾಡಿ ಮಸುಕಾಗಿರುತ್ತವೆ. ನನ್ನ ಉತ್ತರ ನೇರವಾದದ್ದು: ಮುಂಭಾಗದಲ್ಲಿ ಬೆಳಕು ಅಳೆಯುವ ಪುಟ್ಟ ಕಣ್ಣಿರುವ, ಮೈಮೇಲೆ ‘ಆಟೊ’ ಮತ್ತು ‘ಥೈರಿಸ್ಟರ್’ ಎಂದು ಬರೆದಿರುವ, ತಲೆ ಮೇಲಕ್ಕೆ ತಿರುಗುವ, ನಾಲ್ಕು ಎಎ ಸೆಲ್ ಹಾಕುವ ಹಳೇ ಫ್ಲ್ಯಾಶ್ ತಗೊಳ್ಳಿ. ವಿವಿಟಾರ್ 283, 285ಎಚ್‌ವಿ, ಸನ್‌ಪ್ಯಾಕ್ 383, ನಿಕಾನ್ ಎಸ್‌ಬಿ-28, ಕ್ಯಾನನ್ 199ಎ, ಇವೆಲ್ಲ ಈ ಜಾತಿಯವು.

ಆ ಕಣ್ಣಿಗೆ ಇಷ್ಟು ಮಹತ್ವ ಯಾಕೆ? ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ಕ್ಲಿಕ್ ಮಾಡಿ, ಹಿಂದಿನ ಪರದೆ ನೋಡಿ, ಬೆಳಕು ಜಾಸ್ತಿಯಾಯಿತು ಅನಿಸಿದರೆ ಇಳಿಸಿ ಮತ್ತೆ ತೆಗೆಯಬಹುದು. ಫಿಲ್ಮಿನಲ್ಲಿ ತಪ್ಪು ಗೊತ್ತಾಗುವುದು ರೋಲ್ ಲ್ಯಾಬಿಗೆ ಹೋಗಿ ವಾಪಸ್ ಬಂದಮೇಲೆ. ಹಾಗಾಗಿ ಬೆಳಕಿನ ಲೆಕ್ಕವನ್ನು ಫ್ಲ್ಯಾಶೇ ಮಾಡಿಕೊಳ್ಳಬೇಕು. ಆಟೊ ಫ್ಲ್ಯಾಶ್ ಮಾಡುವುದು ಅದನ್ನೇ. ಎದುರಿಗಿದ್ದವರ ಮೇಲೆ ಬಿದ್ದು ಮರಳಿದ ಬೆಳಕನ್ನು ಕಣ್ಣು ಅಳೆಯುತ್ತದೆ, ಸಾಕಾದ ಕ್ಷಣದಲ್ಲೇ ದೀಪವನ್ನು ಕಡಿಯುತ್ತದೆ. ಎಲ್ಲಕ್ಕಿಂತ ಮೊದಲು ಬಂದ ಆಟೊ ಫ್ಲ್ಯಾಶ್‌ಗಳು ಮಿಕ್ಕ ಶಕ್ತಿಯನ್ನು ಒಳಗಿನ ಇನ್ನೊಂದು ಟ್ಯೂಬಿಗೆ ಸುರಿದು ಹಾಳುಮಾಡುತ್ತಿದ್ದವು. ಥೈರಿಸ್ಟರ್ ಇರುವವು ಅದನ್ನು ಮುಂದಿನ ಫೋಟೊಗೆ ಉಳಿಸಿಕೊಳ್ಳುತ್ತವೆ. ಹತ್ತಿರದವರ ಫೋಟೊ ತೆಗೆಯುವಾಗ ಚಾರ್ಜ್ ಕೂಡಲೇ ಆಗುವುದಕ್ಕೂ ಸೆಲ್ ಬಹಳ ಹೊತ್ತು ಬಾಳುವುದಕ್ಕೂ ಇದೇ ಕಾರಣ.

ಬಳಸುವುದು ಸುಲಭ. ಬೆನ್ನ ಮೇಲಿನ ಡಯಲಿನಲ್ಲಿ ಫಿಲ್ಮಿನ ಐಎಸ್‌ಒ, ಅಂದರೆ ಅದು ಬೆಳಕಿಗೆ ಎಷ್ಟು ಚುರುಕು ಎಂಬ ಸಂಖ್ಯೆ, ಇಡಿ. ಒಂದು ಬಣ್ಣ ಆರಿಸಿ. ಆ ಬಣ್ಣದ ಎದುರು ಯಾವ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ತೋರಿಸುತ್ತದೋ, ಎಫ್ 5.6 ಎಂದುಕೊಳ್ಳಿ, ಲೆನ್ಸಿನ ಬಳೆಯನ್ನೂ ಅಲ್ಲಿಗೇ ತಿರುಗಿಸಿ. ಆಮೇಲೆ ಎರಡು ಮೀಟರ್ ದೂರದವರಾದರೂ ನಾಲ್ಕು ಮೀಟರ್ ದೂರದವರಾದರೂ ಏನನ್ನೂ ಬದಲಿಸಬೇಕಿಲ್ಲ. ಕ್ಯಾಮೆರಾದ ಕಂಪನಿ ಯಾವುದಾದರೂ ಪರವಾಗಿಲ್ಲ, ಏಕೆಂದರೆ ಈ ಲೆಕ್ಕದಲ್ಲಿ ಕ್ಯಾಮೆರಾದ ಪಾತ್ರವೇ ಇಲ್ಲ. ಕಣ್ಣು ಮೋಸಹೋಗುವುದು ಮೂರು ಕಡೆ. ಹಿಂದೆ ಕತ್ತಲ ಬಯಲಿದ್ದರೆ ಬೆಳಕು ಮರಳದೆ ಮುಖ ಬೆಳ್ಳಗಾಗುತ್ತದೆ. ಬಿಳಿ ಗೋಡೆಗೆ ಒರಗಿ ನಿಂತಿದ್ದರೆ ಮುಖ ಕಪ್ಪಾಗುತ್ತದೆ. ಕನ್ನಡಿಯೋ ಕಿಟಕಿಯ ಗಾಜೋ ನೇರ ಎದುರಿದ್ದರೆ ಹೊಳಪು ಮರಳಿ ಬಂದು ಇಡೀ ಫೋಟೊ ಕಪ್ಪು. ಮೊದಲನೆಯದಕ್ಕೆ ಅಪರ್ಚರ್ ಒಂದು ಸ್ಟಾಪ್ (ಬೆಳಕನ್ನು ಅರ್ಧ ಅಥವಾ ಇಮ್ಮಡಿ ಮಾಡುವ ಒಂದು ಮೆಟ್ಟಿಲು) ಮುಚ್ಚಿ, ಎರಡನೆಯದಕ್ಕೆ ಒಂದು ಸ್ಟಾಪ್ ತೆರೆಯಿರಿ, ಮೂರನೆಯದಕ್ಕೆ ಓರೆಯಾಗಿ ನಿಲ್ಲಿ.

ಶಕ್ತಿ ಎಷ್ಟಿರಬೇಕು ಅನ್ನುವುದನ್ನು ಗೈಡ್ ನಂಬರ್ ಹೇಳುತ್ತದೆ. ಮೀಟರ್ ಲೆಕ್ಕದ ದೂರವನ್ನು ಅಪರ್ಚರಿನಿಂದ ಗುಣಿಸಿದರೆ ಬರುವ ಸಂಖ್ಯೆ ಅದು, ಸಾಮಾನ್ಯವಾಗಿ ಐಎಸ್‌ಒ 100ಕ್ಕೆ. ಐಎಸ್‌ಒ 400 ಫಿಲ್ಮ್ ಹಾಕಿದರೆ ಅದೇ ಸಂಖ್ಯೆ ಇಮ್ಮಡಿಯಾಗುತ್ತದೆ. ಗೈಡ್ ನಂಬರ್ 14ರ ಪುಟಾಣಿ ಫ್ಲ್ಯಾಶ್ 400ರ ಫಿಲ್ಮಿಗೆ 28 ಆಗುತ್ತದೆ. ನಾಲ್ಕು ಮೀಟರಿಗೆ ಎಫ್ 7, ನೇರವಾಗಿ ಹೊಡೆಯಲು ಧಾರಾಳ ಸಾಕು. ತೊಡಕು ಬರುವುದು ಚಾವಣಿಗೆ ಹೊಡೆದಾಗ. ನೇರ ಬೆಳಕಿನಲ್ಲಿ ಮುಖ ಚಪ್ಪಟೆಯಾಗಿ, ಹಿಂದಿನ ಗೋಡೆಯ ಮೇಲೆ ಗಡುಸು ನೆರಳು ಬೀಳುತ್ತದೆ, ಅದಕ್ಕೇ ತಲೆ ತಿರುಗುವ ಫ್ಲ್ಯಾಶ್ ಕೇಳುವುದು. ಬೆಳಕು ಚಾವಣಿಗೆ ಹೋಗಿ ಇಳಿಯುವ ದಾರಿ ನಾಲ್ಕು ಮೀಟರ್ ಆದರೆ, ಚಾವಣಿ ಹೀರಿಕೊಂಡು, ಚದುರಿಸಿ ಇನ್ನೂ ಸುಮಾರು ಎರಡು ಸ್ಟಾಪ್ ಕಳೆಯುತ್ತದೆ. ಪುಟಾಣಿಗೆ ಎಫ್ 3.5 ಮಾತ್ರ ಉಳಿಯಿತು. ಐಎಸ್‌ಒ 100ಕ್ಕೇ 28 ಇರುವ ಫ್ಲ್ಯಾಶಿಗೆ ಇದೇ 400ರ ಫಿಲ್ಮಿನಲ್ಲಿ ಎಫ್ 7 ಉಳಿಯುತ್ತದೆ, ನೆಮ್ಮದಿಯಿಂದ 5.6 ಇಡಬಹುದು. ಹಾಗಾಗಿ 28ರಿಂದ 36ರ ನಡುವಿನದನ್ನು ಹುಡುಕಿ. ಚಾವಣಿಗೆ ಹೊಡೆಯುವಾಗ ತಲೆ ಮೇಲಕ್ಕೆ ತಿರುಗಿದರೂ ಕಣ್ಣು ಎದುರಿನವರನ್ನೇ ನೋಡುತ್ತಿರಬೇಕು. ತಲೆಯ ಜೊತೆ ಕಣ್ಣೂ ತಿರುಗುವ ಫ್ಲ್ಯಾಶ್ ಚಾವಣಿಯನ್ನೇ ಅಳೆಯುತ್ತದೆ.

ಇಲ್ಲೊಂದು ಮಾತು. ಮಲೆನಾಡು, ಕರಾವಳಿಯ ಮಂಗಳೂರು ಹೆಂಚಿನ ಮನೆಗಳಲ್ಲಿ ಚಾವಣಿ ಅನ್ನುವುದೇ ಇರುವುದಿಲ್ಲ. ಮೇಲೆ ಕಪ್ಪುಗಟ್ಟಿದ ಜಂತಿ, ರೀಪು, ಕೆಂಪು ಹೆಂಚು. ಅಲ್ಲಿಗೆ ಹೊಡೆದ ಬೆಳಕು ವಾಪಸ್ ಬರುವುದಿಲ್ಲ, ಬಂದಷ್ಟೂ ಕೆಂಪಾಗಿರುತ್ತದೆ. ಕಲ್ಯಾಣ ಮಂಟಪದ ಎತ್ತರದ ಚಾವಣಿಯದೂ ಇದೇ ಕಥೆ. ಅಂಥ ಕಡೆ ಪಕ್ಕದ ಬಿಳಿ ಗೋಡೆಗೆ ಹೊಡೆಯಿರಿ. ಅದೂ ಇಲ್ಲದಿದ್ದರೆ ಒಬ್ಬರ ಕೈಯಲ್ಲಿ ಬಿಳಿ ಥರ್ಮಾಕೋಲ್ ಹಲಗೆ ಕೊಟ್ಟು ಅದಕ್ಕೆ ಹೊಡೆಯಿರಿ. ಹಸಿರು, ಗುಲಾಬಿ ಬಣ್ಣ ಬಳಿದ ಗೋಡೆ ಮಾತ್ರ ಬೇಡ, ಮುಖಕ್ಕೆಲ್ಲ ಅದೇ ಬಣ್ಣ ಬರುತ್ತದೆ.

ಕೊಳ್ಳುವ ಮುನ್ನ ತಪ್ಪದೇ ನೋಡಬೇಕಾದದ್ದು ಟ್ರಿಗರ್ ವೋಲ್ಟೇಜ್. ಕ್ಯಾಮೆರಾದ ಹಾಟ್ ಶೂಗೆ, ಅಂದರೆ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಗೂಡಿಗೆ, ಸೇರುವ ಫ್ಲ್ಯಾಶಿನ ಕಾಲಿನಲ್ಲಿ ನಡುವಿನ ಪಿನ್ನಿಗೂ ಬದಿಯ ಲೋಹಕ್ಕೂ ನಡುವೆ ಇರುವ ವೋಲ್ಟೇಜ್ ಇದು. ಮೊದಮೊದಲ ಜಪಾನಿ ವಿವಿಟಾರ್ 283ಗಳಲ್ಲಿ ಇದು 200 ವೋಲ್ಟ್ ದಾಟುತ್ತದೆ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ, ಒಲಿಂಪಸ್ ಒಎಂ-1 ಥರದ ಪೂರಾ ಮೆಕ್ಯಾನಿಕಲ್ ಕ್ಯಾಮೆರಾಗಳಲ್ಲಿ ಬರೀ ಎರಡು ಲೋಹದ ತುಂಡು ಒಂದಕ್ಕೊಂದು ತಾಗುವುದಷ್ಟೇ, ಅವು ತಡೆಯುತ್ತವೆ. ಎಲೆಕ್ಟ್ರಾನಿಕ್ ಶಟರಿನ ಕ್ಯಾಮೆರಾಗಳಿಗೆ 24 ವೋಲ್ಟಿನ ಒಳಗಿರಲಿ, ಅದಕ್ಕಿಂತ ಹೆಚ್ಚಾದರೆ ಒಳಗಿನ ಸರ್ಕ್ಯೂಟ್ ಸುಡಬಹುದು. ಅಳೆಯಲು ಮಲ್ಟಿಮೀಟರನ್ನು ಡಿಸಿ 600 ವೋಲ್ಟಿಗಿಟ್ಟು, ಫ್ಲ್ಯಾಶ್ ಪೂರ್ತಿ ಚಾರ್ಜ್ ಆದಮೇಲೆ ಕೆಂಪು ಕಡ್ಡಿಯನ್ನು ನಡುವಿನ ಪಿನ್ನಿಗೂ ಕಪ್ಪನ್ನು ಕಾಲಿನ ಬದಿಯ ಲೋಹಕ್ಕೂ ಹಿಡಿಯಿರಿ. ಇನ್ನೊಂದು ಕಂಪನಿಯ ಫ್ಲ್ಯಾಶಿನಲ್ಲಿ ನಡುವಿನ ಪಿನ್ನಿನ ಜೊತೆ ಚಿಕ್ಕ ಪಿನ್ನುಗಳಿದ್ದರೆ, ಅವುಗಳ ಮೇಲೆ ಸೆಲ್ಲೋಟೇಪ್ ಅಂಟಿಸಿ, ನಡುವಿನದನ್ನು ಮಾತ್ರ ತೆರೆದಿಡಿ.

ಅಂಗಡಿಯಲ್ಲಿ ಹಳೇ ಫ್ಲ್ಯಾಶ್ ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಸೆಲ್ ಹಾಕುವ ಗೂಡು ತೆಗೆದು ನೋಡಿ. ಪಟ್ಟಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಸ್ವಲ್ಪ ಇದ್ದರೆ ಅಡ್ಡಿಯಿಲ್ಲ. ಆಲ್ಕಲೈನ್ ಸೆಲ್ ಸೋರಿದ್ದಾದರೆ ಹತ್ತಿಗೆ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣಬಟ್ಟೆ. ಪಟ್ಟಿಯೇ ತಿಂದುಹೋಗಿದ್ದರೆ ಬಿಟ್ಟುಬಿಡಿ. ಹೊಸ ಸೆಲ್ ಹಾಕಿ ಸ್ವಿಚ್ ಒತ್ತಿ, ಸಣ್ಣಗೆ ಕುಂಯ್ ಎಂಬ ಸದ್ದು ಏರುತ್ತಾ ಹೋಗಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಫ್ಲ್ಯಾಶಿನಲ್ಲಿ ಶಕ್ತಿ ಕೂಡಿಡುವ ಕೆಪಾಸಿಟರ್ ಮಂಕಾಗಿರುತ್ತದೆ, ಚಾರ್ಜ್ ಆಯಿತೆಂದು ತೋರಿಸುವ ರೆಡಿ ಲೈಟ್ ಬರಲು ಒಂದು ನಿಮಿಷವೇ ಹಿಡಿಯಬಹುದು. ಕೂಡಲೇ ಹೊಡೆಯಬೇಡಿ. ದೀಪ ಬಂದಮೇಲೂ ಒಂದೆರಡು ನಿಮಿಷ ಹಾಗೇ ಬಿಟ್ಟು, ಆಮೇಲೆ ಟೆಸ್ಟ್ ಬಟನ್ ಒತ್ತಿ. ಹೀಗೆ ಐದಾರು ಸಲ ಮಾಡಿದರೆ ಚೇತರಿಸಿಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ, ಮೈ ಬಿಸಿಯಾದರೆ, ಸೆಲ್ ತೆಗೆದು ವಾಪಸ್ ಕೊಟ್ಟುಬಿಡಿ. ಯಾವ ಕಾರಣಕ್ಕೂ ಬಿಚ್ಚಬೇಡಿ. ಸೆಲ್ ತೆಗೆದಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಕೂತಿರುತ್ತದೆ, ಜೀವಕ್ಕೇ ಅಪಾಯ.

ಆಟೊ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬಿಳಿ ಗೋಡೆಗೆ ಒಂದು ಮೀಟರ್ ದೂರದಿಂದ ಹೊಡೆಯಿರಿ. ರೆಡಿ ಲೈಟ್ ಆರದೆಯೇ ಇರಬೇಕು, ಇಲ್ಲವೇ ಕ್ಷಣದಲ್ಲೇ ಮರಳಬೇಕು. ಈಗ ಕಣ್ಣಿಗೆ ಬೆರಳು ಅಡ್ಡ ಇಟ್ಟು ಹೊಡೆಯಿರಿ. ಹೊಳಪು ಜೋರಾಗಿ, ಚಾರ್ಜ್ ಆಗಲು ಹಲವು ಸೆಕೆಂಡ್ ಬೇಕಾಗುತ್ತದೆ. ಎರಡೂ ಒಂದೇ ಥರ ಇದ್ದರೆ ಕಣ್ಣು ಕೆಟ್ಟಿದೆ ಅಂತ ಅರ್ಥ, ಆ ಫ್ಲ್ಯಾಶ್ ಪುಕ್ಕಟೆ ಕೊಟ್ಟರೂ ಬೇಡ.

ಸೆಲ್ಲಿನ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ರಿಮೋಟಿಗೆ, ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ಸಾಲದು. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎಲ್ಲಕ್ಕಿಂತ ಬೇಗ ಚಾರ್ಜ್ ಕೊಡುತ್ತದೆ. ಕೆಲಸ ಮುಗಿದ ಕೂಡಲೇ ಹೊರಗೆ ತೆಗೆದಿಡಿ, ಮಳೆಗಾಲದಲ್ಲಂತೂ ಮರೆಯಲೇಬೇಡಿ.

ಹೊಸದನ್ನೇ ಕೊಳ್ಳುತ್ತೇನೆ ಅನ್ನುವವರಿಗೆ ಗೋಡಾಕ್ಸ್ ಟಿಟಿ600 ಗಟ್ಟಿಮುಟ್ಟಾಗಿದೆ, ಬೆಲೆಯೂ ಕೈಗೆಟುಕುತ್ತದೆ, ಆದರೆ ಅದರಲ್ಲಿ ಆಟೊ ಕಣ್ಣಿಲ್ಲ. ಪ್ರತಿ ಫೋಟೊಗೂ ದೂರ ಅಂದಾಜು ಮಾಡಿ, ಗೈಡ್ ನಂಬರನ್ನು ಆ ದೂರದಿಂದ ಭಾಗಿಸಿ ಅಪರ್ಚರ್ ಇಡಬೇಕು. ಅದರ ಮೇಲೆ ಬರೆದ 60 ಅನ್ನುವುದೂ ತಲೆಯನ್ನು 200 ಎಂಎಂಗೆ ಝೂಮ್ ಮಾಡಿದಾಗಿನ ಸಂಖ್ಯೆ, 35 ಎಂಎಂನಲ್ಲಿ ಬಹಳ ಕಡಿಮೆ. ಅದೇ ಕಂಪನಿಯ ಲಕ್ಸ್ ಜೂನಿಯರಿನಲ್ಲಿ ಆಟೊ ಇದೆ, ಗೈಡ್ ನಂಬರ್ 12. ಪುಟ್ಟ ಕ್ಯಾಮೆರಾಗೆ, ನೇರ ಬೆಳಕಿಗೆ ಅಷ್ಟು ಸಾಕು. ಡಿಜಿಟಲ್ ಕ್ಯಾಮೆರಾಗೆಂದು ಮಾಡಿದ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಕ್ಯಾಮೆರಾವೇ ಅಳೆಯುವ) ಫ್ಲ್ಯಾಶ್‌ಗಳ ಅಳತೆಯ ವಿಧಾನವೇ ಬೇರೆ. ಹಳೇ ಫಿಲ್ಮ್ ಕ್ಯಾಮೆರಾದ ಮೇಲೆ ಅವುಗಳ ಟಿಟಿಎಲ್ ನಂಬಿ ಹಣ ಹಾಕಬೇಡಿ.

ಫ್ಲ್ಯಾಶ್ ಬಂದಮೇಲೆ ಹೆಚ್ಚು ಫೋಟೊ ಹಾಳಾಗುವುದು ಶಟರ್ ವೇಗದಿಂದ. ಕೆ1000, ಕ್ಯಾನನ್ ಎಇ-1ಗೆ ಫ್ಲ್ಯಾಶ್ ಬಳಸುವಾಗಿನ ವೇಗದ ಮಿತಿ 1/60 ಸೆಕೆಂಡ್, ನಿಕಾನ್ ಎಫ್‌ಎಂಗೆ 1/125. ಅದನ್ನು ಮೀರಿದರೆ ಶಟರಿನ ಎರಡು ಪರದೆಗಳಲ್ಲಿ ಮೊದಲನೆಯದು ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟು ಚಿತ್ರದ ಒಂದು ಭಾಗವನ್ನು ಮುಚ್ಚುತ್ತದೆ. ಅಡ್ಡಲಾಗಿ ಓಡುವ ಬಟ್ಟೆ ಶಟರಿನಲ್ಲಿ ಕಪ್ಪು ಪಟ್ಟೆ ಎಡಕ್ಕೋ ಬಲಕ್ಕೋ ಬೀಳುತ್ತದೆ, ಮೇಲೆ ಕೆಳಗೆ ಓಡುವ ಲೋಹದ ಶಟರಿನಲ್ಲಿ ಮೇಲಂಚಿಗೋ ಕೆಳಂಚಿಗೋ. ಲೆನ್ಸಿನೊಳಗೇ ಶಟರ್ ಇರುವ ಯಾಶಿಕಾ-ಮ್ಯಾಟ್‌ನಂಥವಕ್ಕೆ ಯಾವ ವೇಗವೂ ಆದೀತು, ಆದರೆ ಎಂ ಮತ್ತು ಎಕ್ಸ್ ಎಂಬ ಕೀಲಿ ಎಕ್ಸ್ ಕಡೆಗೇ ಇರಬೇಕು. ಎಂ ಅನ್ನುವುದು ಹಳೇ ಕಾಲದ ಬಲ್ಬುಗಳಿಗೆ. ಅದರಲ್ಲಿಟ್ಟರೆ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಹೊಡೆದು ಮುಗಿದಿರುತ್ತದೆ. ಫಿಲ್ಮ್ ಖರ್ಚಿಲ್ಲದೆ ಪರೀಕ್ಷಿಸಬಹುದು: ಖಾಲಿ ಕ್ಯಾಮೆರಾದ ಹಿಂಬಾಗಿಲು ತೆರೆದು, ಅಪರ್ಚರ್ ಪೂರ್ತಿ ಬಿಟ್ಟು, ಬಿಳಿ ಗೋಡೆಗೆ ಹಿಡಿದು, ಹಿಂದಿನಿಂದ ನೋಡುತ್ತಾ ಕ್ಲಿಕ್ ಮಾಡಿ. ಪೂರ್ತಿ ಆಯತ ಬೆಳಗಿದರೆ ಸರಿ.

ಮೊದಲ ಕಲರ್ ರೋಲಿನಲ್ಲಿ ಆರು ಫೋಟೊ ಪರೀಕ್ಷೆಗೆಂದು ಇಡಿ: ಒಬ್ಬರನ್ನೇ 1.5, 3 ಮತ್ತು 4.5 ಮೀಟರ್ ದೂರ ನಿಲ್ಲಿಸಿ ಮೂರು. ಆಮೇಲೆ ಡಯಲಿನ ಐಎಸ್‌ಒ 400ರ ಬದಲು 200ಕ್ಕಿಟ್ಟು, ಅದು ತೋರಿಸುವ ಹೊಸ ಅಪರ್ಚರನ್ನು ಲೆನ್ಸಿಗೂ ಕೊಟ್ಟು ಮತ್ತೆ ಮೂರು. ಪ್ರಿಂಟನ್ನಾಗಲಿ ಸ್ಕ್ಯಾನನ್ನಾಗಲಿ ನೋಡಿ ತೀರ್ಮಾನಿಸಬೇಡಿ, ಲ್ಯಾಬಿನ ಯಂತ್ರ ಎಲ್ಲವನ್ನೂ ಸರಿಮಾಡಿ ಕೊಟ್ಟಿರುತ್ತದೆ. ನೆಗೆಟಿವ್ ವಾಪಸ್ ಕೇಳಿ ಪಡೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕಪ್ಪು ಕೂದಲು, ಸೀರೆಯ ನೆರಿಗೆಯ ನೆರಳು ಇವುಗಳ ಜಾಗದಲ್ಲಿ ಏನೂ ಕಾಣದೆ ಬರೀ ಕಿತ್ತಳೆ ಬಣ್ಣವಿದ್ದರೆ ಬೆಳಕು ಸಾಲಲಿಲ್ಲ. ಕೊನೆಯ ಮೂರು ಚೆನ್ನಾಗಿದ್ದರೆ ಡಯಲನ್ನು 200ರಲ್ಲೇ ಬಿಡಿ.