ಹಾಲೇನ್ ಕಡಿಮಿ ಅದಾವ?

ಪಂಚಮಿ ಮುಗಿದು ಇನ್ನೂ ವಾರ ತುಂಬಿಲ್ಲ. ಡಬ್ಬಿಯ ತಳದಲ್ಲಿ ಶೇಂಗಾ ಉಂಡಿ ಉಳಿದಿವೆ, ಪಡಸಾಲೆಯ ಜಂತಿಗೆ ಕಟ್ಟಿದ ಜೋಕಾಲಿ ಬಿಚ್ಚಲು ಮಕ್ಕಳು ಬಿಡುತ್ತಿಲ್ಲ. ನನ್ನ ಕಿವಿಯಲ್ಲಿ ಮಾತ್ರ ಹಬ್ಬದ ದಿನದ ಒಂದೇ ಮಾತು ಕೂತುಬಿಟ್ಟಿದೆ. ರೊಟ್ಟಿ ಬಡಿಯುವಾಗ, ಚಿಗರಿ ಬಸ್ಸಿಗೆ ನಿಂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಮತ್ತೆ ಮತ್ತೆ ಅದೇ.

ಮಣ್ಣಿನ ನಾಗಪ್ಪನ ಮುಂದೆ ಎಲ್ಲರೂ ಕೂತಿದ್ದೆವು. ಅತ್ತೆ ಕೊಬ್ಬರಿ ಬಟ್ಟಲನ್ನು ಹಾಲಲ್ಲಿ ಅದ್ದಿ ಮಗಳ ಕೈಗೆ ಕೊಟ್ಟು ಒಂದೊಂದೇ ಪಾಲು ಹೇಳಿಕೊಡುತ್ತಿದ್ದರು. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಜ್ಜಿ ಪಾಲು, ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು. ಏಳು ವರ್ಷದ ಹುಡುಗಿ, ತಮ್ಮನ ಜೊತೆ ನಮ್ಮ ಮನೆಗೆ ದತ್ತು ಬಂದವಳು, ಇದನ್ನೆಲ್ಲ ನಮ್ಮ ಮನೆಯಲ್ಲಿ ಮೊದಲ ಸಲ ಮಾಡುತ್ತಿದ್ದಾಳೆ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತುಟಿ ಕಚ್ಚಿಕೊಂಡು, ಹನಿಯೂ ಆಚೆ ಬೀಳದಂತೆ ಹೆಡೆಯ ಮೇಲೇ ಬಿಡುತ್ತಿದ್ದಳು. ಹಾಲು ಇಳಿದಲ್ಲೆಲ್ಲ ಹಸಿ ಮಣ್ಣು ಕರಗಿ ಕೆಂಪು ಗೆರೆ ಮೂಡುತ್ತಿತ್ತು. ತಮ್ಮನ ಪಾಲು ಆದ ಮೇಲೆ ಅವಳ ಕೈ ತಡೆಯಿತು. ನನ್ನ ಮುಖ ನೋಡಿದಳು, ಅವರಪ್ಪನ ಮುಖ ನೋಡಿದಳು, ಕೊನೆಗೆ ಅಜ್ಜಿಯ ಕಡೆ ತಿರುಗಿದಳು.

"ಅಜ್ಜೀ, ಮೊದಲಿನ ಅವ್ವಂದೂ ಒಂದು ಹಾಕ್ಲೇನು?"

ಹಬ್ಬಕ್ಕೆಂದು ಗದಗಿನಿಂದ ಬಂದಿದ್ದ ನಾದಿನಿ ತಟ್ಟನೆ ಬಾಯಿ ಹಾಕಿದಳು. "ಅದೆಲ್ಲಾ ಮುಗೀತಲ್ಲ ತಂಗಿ. ಈಗ ನಿಮ್ಮವ್ವ ಇಲ್ಲೇ ಕುಂತಾಳ, ಆಕಿದು ಹಾಕೀಯಲ್ಲ. ಸಾಕು, ಇನ್ನ ತಮ್ಮಗ ಕೊಡು."

ಅತ್ತೆ ತಲೆ ಕೂಡ ಎತ್ತಲಿಲ್ಲ. ಹಾಲಿನ ತಂಬಿಗೆಯನ್ನು ಮಗಳ ಹತ್ತಿರಕ್ಕೆ ಸರಿಸಿ, "ಹಾಕವಾ. ಹಾಲೇನ್ ಕಡಿಮಿ ಅದಾವ?" ಅಂದರು.

ಹಾಕಿದಳು. ಆಮೇಲೆ ತಮ್ಮನ ಕೈಗೆ ಬಟ್ಟಲು ಕೊಟ್ಟು, ಅವನ ಕೈಮೇಲೆ ತನ್ನ ಕೈ ಇಟ್ಟು, "ನೀನೂ ಹಾಕು. ಆಕಿ ನಿನಗೂ ಅವ್ವನ" ಅಂತ ಕಿವಿಯಲ್ಲಿ ಹೇಳಿದಳು. ನಾಲ್ಕು ವರ್ಷದವನಿಗೆ ಆ ತಾಯಿಯ ನೆನಪಿಲ್ಲ. ನಾಗಪ್ಪ ಇಷ್ಟೂ ಹಾಲು ಕುಡೀತಾನೇನು ಅನ್ನುವುದೇ ಅವನಿಗೆ ದೊಡ್ಡ ಚಿಂತೆ.

ನಿನಗೆ ಹೊಟ್ಟೆಕಿಚ್ಚಾಗಲಿಲ್ಲೇನು ಅಂತ ಗೆಳತಿ ಕೇಳಿದಳು. ಇಲ್ಲ. ಆ ತಾಯಿ ಇದ್ದಳು, ಇಬ್ಬರನ್ನೂ ಹೆತ್ತಳು, ಮಗಳಿಗೆ ಜಡೆ ಹಾಕಿದಳು. ಅದರಿಂದ ನನ್ನದೇನೂ ಕಡಿಮೆಯಾಗುವುದಿಲ್ಲ. ನನ್ನನ್ನು ಅಲುಗಾಡಿಸಿದ್ದು ಮಗಳು ಅಪ್ಪಣೆ ಕೇಳಿದ್ದು. ಯುಗಾದಿ ಹೊತ್ತಿಗೆ ನಮ್ಮ ಮನೆಗೆ ಬಂದ ಮಕ್ಕಳು ಇವರು. ಯುಗಾದಿಯಿಂದ ಶ್ರಾವಣದ ತನಕ ಈ ಹುಡುಗಿ ಆ ಹೆಸರನ್ನು ಬಾಯೊಳಗೇ ಇಟ್ಟುಕೊಂಡು, ಇಲ್ಲಿ ಅದನ್ನು ಆಡಬಹುದೋ ಬಾರದೋ ಅಂತ ನಮ್ಮ ಮುಖ ಓದುತ್ತ ಬಂದಿದ್ದಾಳೆ. ಉಣ್ಣುವಾಗಲೂ, ನಗುವಾಗಲೂ, ನನ್ನ ಮಗ್ಗುಲಲ್ಲಿ ಮಲಗಿದಾಗಲೂ.

ಮಕ್ಕಳ ಹೆಸರು, ಮೊದಲಿದ್ದ ಊರು, ಆ ತಾಯಿ ಏನಾದಳು ಅನ್ನುವುದು, ಇದ್ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳ ಗುರುತು ಪ್ರಕಟಿಸಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ಅದು ಇರದಿದ್ದರೂ ಬರೆಯುತ್ತಿರಲಿಲ್ಲ. ಅದು ಮಗಳ ಕಥೆ, ದೊಡ್ಡವಳಾದ ಮೇಲೆ ಬೇಕೆನಿಸಿದರೆ ಅವಳೇ ಹೇಳಿಕೊಳ್ಳಲಿ.

ದತ್ತಿಗೆ ಹೆಸರು ನೋಂದಾಯಿಸುವಾಗಲೇ ಒಡಹುಟ್ಟಿದವರಿದ್ದರೂ ಸರಿ ಅಂತ ಬರೆಸಿದ್ದೆವು. ಎಳೇ ಕೂಸಿಗಾಗಿ ಕಾರಾ (CARA) ಅನ್ನುವ ಕೇಂದ್ರ ದತ್ತು ಪ್ರಾಧಿಕಾರದ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯುವ ದಂಪತಿಗಳಿದ್ದಾರೆ. ಬೆಳೆದ ಮಕ್ಕಳು, ಕೈಹಿಡಿದುಕೊಂಡು ಒಬ್ಬ ತಮ್ಮನನ್ನೋ ತಂಗಿಯನ್ನೋ ಕರೆತರುವ ಮಕ್ಕಳು ಅಂದರೆ ಕೇಳುವವರು ಕಡಿಮೆ. ಮನೆ ನೋಡಿ ವರದಿ ಬರೆಯಲು ಬಂದಿದ್ದ ಸಮಾಜ ಕಾರ್ಯಕರ್ತೆ ಒಂದು ಮಾತು ಹೇಳಿದ್ದರು: "ದೊಡ್ಡಾಕಿ ಇದ್ದಲ್ಲೆ ಸಣ್ಣಾವಗ ಆಕೀನ ತಾಯಿ ಆಗಿರ್ತಾಳ್ರಿ ಮೇಡಂ. ಆ ಕೆಲಸ ಆಕಿ ಕೈಯಿಂದ ಕಸ್ಕೋಬ್ಯಾಡ್ರಿ. ತಾನ ಬಿಡೂತನಕ ಕಾಯ್ರಿ." ನಾನು ಕಂಡ ಸರ್ಕಾರಿ ಮಂದಿಯಲ್ಲಿ ಮಕ್ಕಳನ್ನು ನಿಜವಾಗಿ ನೋಡಿ ಮಾತಾಡಿದವರು ಅವರು.

ಹೇಳಿದ ಹಾಗೇ ಆಯಿತು. ಬಂದ ಹೊಸತರಲ್ಲಿ ಮಗಳು ತನ್ನ ತಾಟಿಗೆ ಕೈ ಹಚ್ಚುತ್ತಲೇ ಇರಲಿಲ್ಲ. ತಮ್ಮನ ರೊಟ್ಟಿ ಮುರಿದು, ಬ್ಯಾಳಿಯಲ್ಲಿ ನೆನೆಸಿ, ಅವನ ಬಾಯಿಗಿಟ್ಟು, ಅವನು ನೀರು ಕುಡಿದ ಮೇಲೆ ತನ್ನದು. ನಾನು ತುತ್ತು ಹಿಡಿದರೆ ಅವನು ಬಾಯಿ ತೆರೆಯುವ ಮೊದಲು ಅಕ್ಕನ ಕಡೆ ನೋಡುತ್ತಿದ್ದ. ಅವಳು ಹೂಂ ಅಂದರೆ ಉಣ್ಣುವನು, ಇಲ್ಲದಿದ್ದರೆ ಮುಖ ತಿರುವುವನು. ರಾತ್ರಿ ಅವನ ಅಂಗಿಯ ಚುಂಗು ಹಿಡಿದೇ ಅವಳಿಗೆ ನಿದ್ದೆ. ಕಪಾಟಿನಲ್ಲಿ ಒಂದು ಖಾನೆ ತೆರವು ಮಾಡಿ ಕೊಟ್ಟಿದ್ದೆವು, ಆದರೆ ಇಬ್ಬರ ಅರಿವೆಗಳೂ ಬಂದ ದಿನದ ಚೀಲದಲ್ಲೇ ಮಡಿಚಿ ಇರುತ್ತಿದ್ದವು. ಧಾರವಾಡದ ಮಳೆ ಗೊತ್ತಲ್ಲ, ಹಿಡಿಯಿತೆಂದರೆ ಬಿಡುವುದಿಲ್ಲ. ಚೀಲಕ್ಕೆ ಬೂಷ್ಟು ಬಂದಾಗ ತಮ್ಮನ ಅಂಗಿ ಚಡ್ಡಿಗಳನ್ನು ತಾನಾಗಿಯೇ ಕಪಾಟಿಗೆ ಜೋಡಿಸಿದಳು. ಚೀಲವನ್ನು ಒರೆಸಿ ಒಣಗಿಸಿ ತನ್ನವನ್ನು ಮತ್ತೆ ಅದರಲ್ಲೇ ಇಟ್ಟಳು. ಇವತ್ತಿಗೂ ಅಲ್ಲೇ ಇವೆ. ನಾನು ಕೈ ಹಚ್ಚಿಲ್ಲ.

ಹೀಗೆ ಕಾಯುವುದಕ್ಕೆ ಹೊತ್ತು ಬೇಕು, ಮನೆಯಲ್ಲಿ ಇರಬೇಕು. ನಾನು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವಳು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿದಾಗ ದತ್ತು ತಾಯಿಗೆ 12 ವಾರ ರಜೆ ಅಂತ ಸೇರಿಸಿದರು, ಜೊತೆಗೆ ಕೂಸು 3 ತಿಂಗಳ ಒಳಗಿನದಾಗಿರಬೇಕು ಅಂತ ಷರತ್ತನ್ನೂ ಇಟ್ಟರು. ನಮಗೆ ಮಕ್ಕಳು ಬಂದಾಗ ಆ ಷರತ್ತು ಇತ್ತು. ಹೆತ್ತವರೇ ಒಪ್ಪಿಸಿದ ಕೂಸಾದರೆ ಮನಸ್ಸು ಬದಲಿಸಲು ಅವರಿಗೆ 2 ತಿಂಗಳು ಕೊಡುತ್ತಾರೆ, ಕೊಡಲೇಬೇಕು. ಬಿಟ್ಟುಹೋದ ಕೂಸಾದರೆ ಹೆತ್ತವರನ್ನು ಹುಡುಕುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಆಮೇಲೆ ಕೂಸನ್ನು ದತ್ತು ಕೊಡಬಹುದು ಅನ್ನುವ ಮಕ್ಕಳ ಕಲ್ಯಾಣ ಸಮಿತಿಯ ಘೋಷಣೆ, ಆಮೇಲೆ ಪಟ್ಟಿ, ಆಮೇಲೆ ನಮ್ಮಂಥವರು. ಅಷ್ಟರಲ್ಲಿ ಯಾವ ಕೂಸು 3 ತಿಂಗಳ ಒಳಗೆ ಉಳಿದೀತು? ಏಳು ವರ್ಷದವಳಿಗೆ ತಾಯಿ ಮನೆಯಲ್ಲಿರುವ ಅಗತ್ಯವಿಲ್ಲ ಅಂತ ತೀರ್ಮಾನಿಸಿದವರು ಅಂಥ ಹುಡುಗಿಯ ಪಕ್ಕ ಒಂದು ರಾತ್ರಿಯಾದರೂ ಮಲಗಿ ನೋಡಬೇಕಿತ್ತು. ನನಗೆ ಒದಗಿದ್ದು ಕೂಡಿಟ್ಟುಕೊಂಡಿದ್ದ ರಜೆ ಮತ್ತು ನಮ್ಮ ಅತ್ತೆ.

ನಾದಿನಿಯ ಬಗ್ಗೆ ಹೇಳಲೇಬೇಕು. ಕೆಟ್ಟವಳಲ್ಲ. ನಾವು ದತ್ತು ತಗೊಳ್ಳುತ್ತೇವೆ ಅಂದಾಗ "ಯಾರ ರಕ್ತನೋ ಏನೋ" ಅಂತ ಮೂಗು ಮುರಿದ ಬಳಗದ ನಡುವೆ ನಮ್ಮ ಪರ ಮಾತಾಡಿದವಳು ಅವಳೊಬ್ಬಳೇ. ಮಕ್ಕಳು ಬಂದ ವಾರ ತನ್ನ ಮಗಳ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿ ಗದಗಿನಿಂದ ಕಳಿಸಿದಳು. ಹಬ್ಬದ ದಿನ ಹುಡುಗಿ ಹಳೆಯದನ್ನು ನೆನೆದು ಅಳದಿರಲಿ ಅನ್ನುವ ಅಂತಃಕರಣದಿಂದಲೇ ಅವಳು ಹಾಗೆ ಅಂದದ್ದು, ನನಗೆ ಗೊತ್ತು. ಆದರೂ ಮಾತು ಒಪ್ಪಿಗೆಯಾಗಲಿಲ್ಲ, ಆಗುವುದೂ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಶ್ರಾವಣ ಬಂತೆಂದರೆ ಅವಳು ಧಾರವಾಡದ ಬಸ್ಸು ಹತ್ತುತ್ತಾಳೆ. "ಅದೆಲ್ಲಾ ಮುಗೀತಲ್ಲ" ಅಂತ ಗಂಡನ ಮನೆಯಲ್ಲಿ ಯಾರಾದರೂ ಅಂದರೆ ಅವಳು ಸುಮ್ಮನಿರುವವಳಲ್ಲ. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಹೋಗಲು ತವರೇ ಉಳಿಯದ ಹುಡುಗಿಯೊಬ್ಬಳು ಒಂದು ಬಟ್ಟಲು ಹಾಲಿನಷ್ಟು ದೂರ ಹೋಗಿ ಬರುತ್ತೇನೆ ಅಂದರೆ, ಸಾಕು ಅನ್ನುವುದು ಯಾವ ನ್ಯಾಯ?

ಓಣಿಯವರದು ಇನ್ನೊಂದು. "ದೊಡ್ಡ ಪುಣ್ಯಾ ಕಟ್ಕೊಂಡ್ರಿ ನೋಡ್ರಿ" ಅಂತ ಮಕ್ಕಳ ಎದುರಿಗೇ ಹೇಳುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಮಕ್ಕಳು ಬೇಕೆಂದು ಅಲೆದವರು ನಾವು, ಅರ್ಜಿ ಹಾಕಿದವರು ನಾವು, ಕಾದವರು ನಾವು. ಉಪಕಾರ ಮಾಡಿಸಿಕೊಂಡವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಮಕ್ಕಳಿಗೆ ಕಲಿಸುವುದು ಈ ಪುಣ್ಯದ ಮಾತೇ. ಹಾಲು ಹಾಕಲೂ ಅಪ್ಪಣೆ ಕೇಳುವ ದನಿ ಅಲ್ಲಿಂದಲೇ ಬರುತ್ತದೆ.

ಕಾಗದಪತ್ರದಲ್ಲಿ ಏನಿದೆ ಅಂತಲೂ ಈ ವಾರ ಮತ್ತೆ ತೆಗೆದು ಓದಿದೆ. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ದತ್ತು ಆದೇಶ ಕೊಡುವವರು ಕೋರ್ಟಿನವರಲ್ಲ, ಜಿಲ್ಲಾಧಿಕಾರಿ. ಆ ಆದೇಶ ಜಾರಿಗೆ ಬಂದ ದಿನದಿಂದ ಮಗು ಎಲ್ಲ ರೀತಿಯಲ್ಲೂ ದತ್ತು ತಂದೆತಾಯಿಯರದು, ಹುಟ್ಟಿದ ಮನೆಯ ಸಂಬಂಧಗಳು ಕಡಿದು ಹೊಸ ಸಂಬಂಧಗಳು ಆ ಜಾಗಕ್ಕೆ ಬರುತ್ತವೆ ಅಂತ 2015ರ ಅದೇ ಕಾಯ್ದೆಯ 63ನೇ ಕಲಂ ಹೇಳುತ್ತದೆ. ಹಕ್ಕು, ವಾರಸುದಾರಿಕೆಗೆ ಅದು ಬೇಕು, ಆ ಬಲ ಇಲ್ಲದಿದ್ದರೆ ನಾಳೆ ಬಳಗದವರು ಈ ಮಕ್ಕಳನ್ನು ಹೊರಗೆ ನಿಲ್ಲಿಸಿಯಾರು. ಆದರೆ ಅದೇ ಕಲಂನಲ್ಲಿ ಇನ್ನೊಂದು ಮಾತೂ ಇದೆ: ದತ್ತು ಆಗುವ ಮೊದಲೇ ಮಗುವಿನ ಹೆಸರಿಗೆ ಬಂದಿದ್ದ ಆಸ್ತಿ ಮಗುವಿಗೇ ಉಳಿಯುತ್ತದೆ. ಹೊಲ ಮನೆ ಇದ್ದ ಕೂಸಿಗೆ ಕಾಯ್ದೆಯೇ ಅದನ್ನು ಉಳಿಸಿಕೊಡುತ್ತದೆ. ನನ್ನ ಮಗಳು ತನ್ನ ಪಾಲಿಗೆ ತಂದದ್ದು ಆ ತಾಯಿಯ ನೆನಪು, ಒಂದು ಚೀಲ, ಒಬ್ಬ ತಮ್ಮ. ಅದನ್ನು ಉಳಿಸಿಕೊಡುವ ಹೊಣೆ ನನ್ನದು.

2022ರ ದತ್ತು ನಿಯಮಗಳಲ್ಲಿ ಮೂಲ ಹುಡುಕುವುದಕ್ಕೂ ದಾರಿ ಇಟ್ಟಿದ್ದಾರೆ. 18 ತುಂಬಿದವರು ತಾವೇ ಅರ್ಜಿ ಕೊಡಬಹುದು, ಅದಕ್ಕೂ ಮೊದಲಾದರೆ ದತ್ತು ತಂದೆತಾಯಿಯರ ಜೊತೆ ಸೇರಿ. ಅಂಥ ಅರ್ಜಿಗೆ ನನ್ನ ಸಹಿ ಬೇಕಾದ ದಿನ ಬಂದರೆ ಅವಳು ಹೀಗೆ ಮುಖ ನೋಡುತ್ತ ನಿಲ್ಲಬಾರದು.

ಹಬ್ಬದ ರಾತ್ರಿ ಅತ್ತೆಯ ಹತ್ತಿರ ಈ ಮಾತು ತೆಗೆದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು, ಕೌನ್ಸೆಲಿಂಗ್ ಅನ್ನುವುದನ್ನು ಕೇಳಿದವರಲ್ಲ. "ನಿಮಗ ಹ್ಯಾಂಗ ತಟ್ಟನ ಹೊಳೀತ್ರಿ?" ಅಂದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು.

"ಅದರಾಗ ಹೊಳಿಯೂದೇನೈತಿ? ಅಜ್ಜಂದು ಹಾಕಲಿಲ್ಲೇನು ಆಕಿ? ನಿಮ್ಮ ಮಾವನ್ನ ಎಂದರೆ ನೋಡ್ಯಾಳೇನು?"

ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. ಮಕ್ಕಳಿಗೆ ಅವರು ಗೋಡೆಯ ಮೇಲಿನ ಫೋಟೋ. ಆ ಪಾಲು ಹಾಕುವಾಗ ಹುಡುಗಿ ಯಾರನ್ನೂ ಕೇಳಿರಲಿಲ್ಲ, ನಾವೂ ಹೇಳಿಕೊಟ್ಟದ್ದನ್ನು ಸಹಜ ಅಂದುಕೊಂಡಿದ್ದೆವು. ನೋಡದ ಅಜ್ಜನಿಗೆ ಹಾಕು ಅಂತ ನಾವೇ ಕಲಿಸಿ, ಮಡಿಲಲ್ಲಿ ಮಲಗಿಸಿಕೊಂಡಿದ್ದ ತಾಯಿಗೆ ಬೇಡ ಅನ್ನುವುದನ್ನು ಯಾವ ಮುಖದಿಂದ ಹೇಳುವುದು? ಇಷ್ಟು ಸರಳವಾದದ್ದನ್ನು ಅತ್ತೆ ತಲೆ ಎತ್ತದೆ ಹೇಳಿಬಿಟ್ಟರು. ದತ್ತು ಮಕ್ಕಳ ಬಗ್ಗೆ ನಾನು ಇಷ್ಟು ದಿನ ಕೇಳಿದ ಬುದ್ಧಿಮಾತುಗಳೆಲ್ಲ ಒಂದೇ ಥರ ಇದ್ದವು: ಹಳೇದು ಮರೀತಾವ ಬಿಡ್ರಿ, ಸಣ್ಣವು ಅದಾವ, ನಿಮಗ ಹೊಂದ್ಕೋತಾವ. ಮರೆಯುವುದೇ ನಮ್ಮವರಾಗುವುದಕ್ಕೆ ಕೊಡಬೇಕಾದ ಬೆಲೆ ಎಂಬಂತೆ. ನಮ್ಮ ಮನೆಯಲ್ಲಿ ಆ ಬೆಲೆ ಕೇಳುವುದಿಲ್ಲ.

ಮಕ್ಕಳು ಮನೆಗೆ ಬಂದ ದಿನದಿಂದ 2 ವರ್ಷ, 6 ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ಮನೆಗೆ ಬಂದು ಮಕ್ಕಳನ್ನು ನೋಡಿ ವರದಿ ಬರೆಯುತ್ತಾರೆ. ಮೊದಲ ಭೇಟಿ ಹತ್ತಿರ ಬಂತು. ಹಬ್ಬದ ದಿನದ ಈ ಮಾತನ್ನು ಅವರಿಗೆ ಹೇಳಬೇಕು ಅಂದುಕೊಂಡಿದ್ದೇನೆ. ನಾದಿನಿಗೂ ಫೋನ್ ಮಾಡಬೇಕು. ದೀಪಾವಳಿಗೆ ಮತ್ತೆ ಬರುತ್ತಾಳೆ. ಹುಡುಗಿ ಮೊದಲಿನ ಅವ್ವನ ಮಾತು ತೆಗೆದರೆ ತಪ್ಪಿಸಬೇಡ, ಕೂತು ಕೇಳು ಅಂತ ಈಗಲೇ ಹೇಳಿಬಿಡುವುದು ಚೊಲೋ. ಸಿಟ್ಟಾದರೆ ಆಗಲಿ, ತಿಳಿದುಕೊಳ್ಳುವವಳೇ ಅವಳು.

ನಿನ್ನೆ ರಾತ್ರಿ ಎಣ್ಣೆಗಾಯಿ ಉಣ್ಣುತ್ತ ಮಗಳು, "ಆ ಅವ್ವ ಇದಕ್ಕ ಹುಣಸಿಹಣ್ಣು ಭಾಳ ಹಾಕ್ತಿದ್ಲು" ಅಂದಳು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ, ತಾಟು ನೋಡುತ್ತಲೇ ಅಂದಳು. "ಭಾಳ ಅಂದ್ರ ಎಷ್ಟು?" ಅಂದೆ. ಹೆಬ್ಬೆರಳು ತೋರುಬೆರಳು ಸೇರಿಸಿ ನಿಂಬೆಹಣ್ಣಿನಷ್ಟು ತೋರಿಸಿದಳು. ಇವತ್ತು ಅಷ್ಟೂ ಹುಣಸೆಹಣ್ಣು ಕಿವುಚಿ ಮತ್ತೆ ಬದನೆಕಾಯಿ ಮಾಡಿದೆ. ತಮ್ಮ ಒಂದು ತುತ್ತಿಗೇ ಹುಳಿ ಹುಳಿ ಅಂತ ತಾಟು ದೂಡಿ ಮೊಸರು ಕೇಳಿದ. ಅಕ್ಕ ಅವನಿಗೆ ಉಣಿಸುವುದನ್ನು ನನಗೆ ಬಿಟ್ಟು, ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.