ಎರಡು ಸಮುದ್ರದ ನೀರು, ಒಂದು ಸೈಕಲ್: ಜೂನ್‌ನಿಂದ ಜನವರಿವರೆಗೆ

ಧಾರವಾಡದ ಮೇಲೆ ಬಿದ್ದ ಮಳೆ ಎರಡು ಸಮುದ್ರಕ್ಕೆ ಹೋಗುತ್ತದೆ. ಊರಿನ ದಕ್ಷಿಣಕ್ಕೆ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ, ಕಲಘಟಗಿ ಹತ್ತಿರ ಬೇಡ್ತಿಯನ್ನು ಕೂಡುತ್ತದೆ. ಆ ನೀರು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನೋ ಹೆಸರಿನಲ್ಲಿ ಅಂಕೋಲಾ ಸೀಮೆಯ ಅರಬ್ಬಿ ಸಮುದ್ರ ಸೇರುತ್ತದೆ. ಊರಿನ ಮೂಡಣ ಬದಿಯ ನೀರು ತುಪ್ಪರಿಹಳ್ಳ ಹಿಡಿದು ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ.

ಇದನ್ನು ಶಾಲೆಯಲ್ಲೇ ಓದಿದ್ದೆ. ಆದರೆ ಊರು ದಿಬ್ಬದ ಮೇಲಿದೆ ಅಂತ ಕಾಲಿಗೆ ತಿಳಿದದ್ದು ಸೈಕಲ್ ಹತ್ತಿದ ಮೇಲೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮನೆಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಇಳಿಜಾರು. ದಣಿದು ತಿರುಗಿ ಬರುವಾಗ ಏರು. ಹುಬ್ಬಳ್ಳಿಯಿಂದ ವಾಪಸ್ ಬರುತ್ತ ನವಲೂರಿನ ಹತ್ತಿರ ಉಸಿರು ಬಿಗಿಹಿಡಿದವರಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಕಳೆದ ಜೂನ್‌ನಲ್ಲಿ ಒಂದು ಕೆಲಸ ಹಚ್ಚಿಕೊಂಡೆ. ಈ ದಿಬ್ಬದಿಂದ ಎರಡೂ ಕಡೆ ನೀರು ಇಳಿದು ಹೋದ ಹಾಗೆ ಸೈಕಲ್ ಮೇಲೆ ನಾನೂ ಹೋಗಬೇಕು. ಈವರೆಗೆ ಆದದ್ದು ಇಲ್ಲಿದೆ.

ಜೂನ್: ಸೋಮೇಶ್ವರದಿಂದ ಕಲಘಟಗಿ

ಮುಂಜಾನೆ ಐದೂವರೆಗೆ ಸೋಮೇಶ್ವರ ಗುಡಿ ಮುಂದೆ ಇದ್ದೆ. ರಾತ್ರಿ ಮಳೆಯಾಗಿತ್ತು. ನದಿ ಅಂತ ಹುಡುಕಿದರೆ ಕಾಣುವುದು ಇಷ್ಟೇ ಇಷ್ಟು ನೀರು. ಇದೇ ಮುಂದೆ ಕಾಡು ಸೀಳಿಕೊಂಡು ಹೋಗುತ್ತದೆ ಅಂದರೆ ನಂಬುವುದು ಕಷ್ಟ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶಿರಸಿ ಹತ್ತಿರ ಸಹಸ್ರಲಿಂಗ ಇರುವ ಶಾಲ್ಮಲಾ ಬೇರೆ, ಇದು ಬೇರೆ. ಹೆಸರು ಒಂದೇ ಆದ್ದರಿಂದ ಬಹಳ ಜನ ಎರಡನ್ನೂ ಒಂದು ಮಾಡುತ್ತಾರೆ.

ಕಲಘಟಗಿ ರಸ್ತೆಗೆ ತನ್ನದೇ ಒಂದು ತಾಳ ಇದೆ. ಇಳಿಜಾರು, ಸಣ್ಣ ಸೇತುವೆ, ಏರು. ಮತ್ತೆ ಇಳಿಜಾರು, ಸೇತುವೆ, ಏರು. ಪ್ರತಿ ಸೇತುವೆ ಕೆಳಗೂ ಒಂದು ಹಳ್ಳ. ಯಾವ ಏರೂ ದೊಡ್ಡದಲ್ಲ. ಮುನ್ನೂರು ಮೀಟರ್, ನಾನೂರು ಮೀಟರ್, ಅಷ್ಟರಲ್ಲಿ ಮುಗಿಯುತ್ತದೆ. ಆದರೆ ಕಾಲಿಗೆ ಬಿಡುವೇ ಕೊಡುವುದಿಲ್ಲ. ಮೇಲಾಗಿ ಜೂನ್‌ನ ಪಡುವಣ ಗಾಳಿ ಎದುರಿಗೆ. ಇಳಿಜಾರಿನಲ್ಲೂ ತುಳಿಯಬೇಕಾಯಿತು.

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ನೋಡಿ, ಚಾ ಕುಡಿದು, ಬೇಡ್ತಿ ದಂಡೆಗೆ ಹೋಗಿ ಕೂತೆ. ನೀರು ಕೆಂಪಗಿತ್ತು. ನಾನು ಮುಂಜಾನೆ ಒಂದೇ ಹೆಜ್ಜೆಗೆ ದಾಟಿದ ನೀರೂ ಇದರಲ್ಲಿ ಇದೆಯಲ್ವಾ ಅನಿಸಿ ಬಹಳ ಹೊತ್ತು ಏಳಲಾಗಲಿಲ್ಲ.

ವಾಪಸ್ ಬರುವಾಗ ಗಾಳಿ ಬೆನ್ನಿಗಿತ್ತು, ಆದರೂ ಕೊನೆಯ ಹತ್ತು ಕಿಲೋಮೀಟರ್ ಮೊಣಕಾಲು ನೋಯಿಸಿತು. ಒಟ್ಟು 71 ಕಿ.ಮೀ., ಏರಿದ್ದು 640 ಮೀಟರ್.

ಜುಲೈ: ಗೇರ್ ಮತ್ತು ಟೈರ್

ಮೊಣಕಾಲು ನೋವಿಗೆ ಕಾರಣ ಹುಡುಕಿದೆ. ನನ್ನ ಸೈಕಲ್ಲಿನ ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ 28. ಅಂದರೆ ಎಲ್ಲಕ್ಕಿಂತ ಹಗುರ ಗೇರ್‌ನಲ್ಲೂ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗಬೇಕು. ನಿಮಿಷಕ್ಕೆ 80 ಸಲ ತುಳಿದರೆ ಗಂಟೆಗೆ 12 ಕಿ.ಮೀ. ವೇಗ. ಆದರೆ ದಣಿದಾಗ ಏರಿನಲ್ಲಿ ನನ್ನ ವೇಗ 9ಕ್ಕೆ ಇಳಿಯುತ್ತಿತ್ತು. ಆಗ ತುಳಿತ ನಿಮಿಷಕ್ಕೆ 60ಕ್ಕೆ ಬರುತ್ತದೆ. ಪ್ರತಿ ತುಳಿತಕ್ಕೂ ಬಲ ಜಾಸ್ತಿ ಹಾಕಬೇಕು. ಆ ಭಾರ ಎಲ್ಲ ಮೊಣಕಾಲಿಗೆ.

ಹಿಂದಿನ ಗಾಲಿಗೆ 11-32 ಕ್ಯಾಸೆಟ್, ಅಂದರೆ 11ರಿಂದ 32 ಹಲ್ಲಿನವರೆಗಿನ ಹಲ್ಲುಚಕ್ರಗಳ ಗೊಂಚಲು, ಹಾಕಿಸಿದೆ. ಈಗ ಒಂದು ಸುತ್ತಿಗೆ 2.2 ಮೀಟರ್. ಬದಲಾಯಿಸುವವರು ಎರಡು ವಿಷಯ ನೋಡಿಕೊಳ್ಳಿ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 32 ಹಲ್ಲನ್ನು ತಡೆಯಬೇಕು, ಎಲ್ಲವೂ ತಡೆಯುವುದಿಲ್ಲ. ಚೈನಿಗೂ ಒಂದೆರಡು ಕೊಂಡಿ ಜಾಸ್ತಿ ಬೇಕಾಗಬಹುದು. ನಾನು ಮೊದಲು ಹೋದ ಅಂಗಡಿಯಲ್ಲಿ ಹಳೆಯ ಚೈನನ್ನೇ ಹಾಕಿ ಕೊಟ್ಟರು. ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರದ ಮೇಲೆ ಬಿದ್ದಾಗ ಚೈನ್ ತಂತಿಯ ಹಾಗೆ ಬಿಗಿದು ನಿಂತಿತು. ರಸ್ತೆ ಮೇಲೆ ಹೀಗಾಗಿದ್ದರೆ ಡಿರೇಲರ್ ಮುರಿಯುತ್ತಿತ್ತು. ಬೇರೆ ಕಡೆ ಹೋಗಿ ಸರಿ ಮಾಡಿಸಿದೆ.

ಟೈರ್ 25 ಮಿ.ಮೀ. ಇತ್ತು, 28 ಮಾಡಿದೆ. ಟೈರಿನ ಗಾಳಿಯ ಒತ್ತಡವನ್ನು 100 ಪಿಎಸ್‌ಐಯಿಂದ 75ಕ್ಕೆ ಇಳಿಸಿದೆ. ನನ್ನ ತೂಕ 68 ಕಿಲೋ. ಗಟ್ಟಿ ಟೈರ್ ಅಂದರೆ ವೇಗ ಅಂತ ನಾನೂ ನಂಬಿದ್ದೆ. ಆದರೆ ನಮ್ಮ ಡಾಂಬರಿನ ಮೇಲೆ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಕುಪ್ಪಳಿಸುತ್ತದೆ, ಕುಪ್ಪಳಿಸಿದಾಗೆಲ್ಲ ವೇಗ ಸೋರುತ್ತದೆ. ಈಗ ಅಂಗೈ ಜೋಮು ಹಿಡಿಯುವುದಿಲ್ಲ.

ಆಗಸ್ಟ್: ದೇವಿಕೊಪ್ಪದ ಕಾಡು

ಈ ಎಂಟು ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ದಿನ ಇದು.

ಕಲಘಟಗಿ ದಾಟಿ ಯಲ್ಲಾಪುರ ರಸ್ತೆ ಹಿಡಿದರೆ ದೇವಿಕೊಪ್ಪದ ಹತ್ತಿರ ಕಾಡು ಶುರು. ಅಲ್ಲಿವರೆಗೆ ಗೋವಿನಜೋಳ, ಭತ್ತ, ನಡುನಡುವೆ ಮಾವಿನ ತೋಟ. ಆಮೇಲೆ ಸಾಗುವಾನಿ, ಮತ್ತಿ, ಬಿದಿರು. ಕಾಡಿನೊಳಗೆ ಹೋಗುತ್ತಿದ್ದಂತೆ ಗಾಳಿ ಬಿದ್ದುಹೋಯಿತು. ಅಷ್ಟು ಹೊತ್ತು ಕಿವಿಯಲ್ಲಿ ಅದೊಂದೇ ಸದ್ದು. ಅದು ನಿಂತ ಮೇಲೆ ಚೈನಿನ ಸದ್ದು, ಸಾಗುವಾನಿ ಎಲೆ ಮೇಲೆ ಹನಿ ಬೀಳುವ ಸದ್ದು, ಎಲ್ಲೋ ನವಿಲು. ಮೈಮೇಲಿನ ಬೆವರು ಒಮ್ಮೆಗೇ ತಣ್ಣಗಾಯಿತು.

ಈ ರಸ್ತೆಯಲ್ಲಿ ಲಾರಿ ಬಹಳ. ಕರಾವಳಿ ಕಡೆಗೆ ಹೋಗುವ ಹೆದ್ದಾರಿ ಇದು. ಹಾಗಾಗಿ ಏಳು ಗಂಟೆ ಒಳಗೆ ಕಾಡಿನ ಭಾಗ ಮುಗಿಸಿ ತಿರುಗುವುದು ಒಳ್ಳೆಯದು. ಮಳೆಗಾಲದಲ್ಲಿ ಹಗಲಲ್ಲೂ ಹಿಂದಿನ ದೀಪ ಹಚ್ಚಿರಬೇಕು. ಮರದ ನೆರಳಲ್ಲಿ ಸೈಕಲ್ ಕಾಣುವುದೇ ಇಲ್ಲ.

ಚಾದ ಅಂಗಡಿಯಲ್ಲಿ ಒಬ್ಬ ಅಜ್ಜ ಕೇಳಿದರು, "ಎಲ್ಲಿಂದ ಬಂದ್ರಿ?" ಧಾರವಾಡದಿಂದ ಅಂದೆ. "ಗಾಳಿ ಎದುರಿಗೆ ಬಂದೀರಿ, ಹೋಗುವಾಗ ಅದ ನಿಮ್ಮನ್ನ ನೂಕತೈತಿ" ಅಂದರು. ಹಾಗೇ ಆಯಿತು. ಅಂದಿನಿಂದ ಇದನ್ನೇ ನಿಯಮ ಮಾಡಿಕೊಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣಕ್ಕೆ, ಚಳಿಗಾಲದಲ್ಲಿ ಮೂಡಣಕ್ಕೆ. ಮೈಯಲ್ಲಿ ಕಸುವಿದ್ದಾಗ ಗಾಳಿ ಎದುರಿಸಬೇಕು, ಮನೆ ಏರು ಹತ್ತುವಾಗ ಅದು ಬೆನ್ನಿಗಿರಬೇಕು. ಒಟ್ಟು 96 ಕಿ.ಮೀ., ಮೊಣಕಾಲು ನೋಯಲಿಲ್ಲ.

ಸೆಪ್ಟೆಂಬರ್: ಗಣಪತಿ ಹಬ್ಬ, ಮಳೆ, ಮನೆಕೆಲಸ. ಹುಬ್ಬಳ್ಳಿವರೆಗೆ ನಾಲ್ಕು ಸಲ ಹೋಗಿ ಬಂದದ್ದು ಬಿಟ್ಟರೆ ಏನೂ ಇಲ್ಲ.

ಅಕ್ಟೋಬರ್: ಬೆಣ್ಣೆಹಳ್ಳ

ಈಗ ಇನ್ನೊಂದು ಬದಿ. ನವಲಗುಂದ ರಸ್ತೆ. ಅರ್ಧ ಗಂಟೆಯಲ್ಲಿ ದೇಶವೇ ಬೇರೆಯಾದ ಹಾಗೆ. ಕೆಂಪು ಮಣ್ಣು ಹೋಗಿ ಎರೆ ನೆಲ ಬಂತು. ಮರ ಕಡಿಮೆಯಾದವು, ಆಕಾಶ ದೊಡ್ಡದಾಯಿತು. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಬೆಳವಲ ಅಂತ ಕರೆಯುವುದು ಇದನ್ನೇ. ಏರು ಇಳಿಜಾರು ಇಲ್ಲಿಯೂ ಇದೆ, ಆದರೆ ಅಲೆ ಉದ್ದ. ಒಂದೊಂದು ಇಳಿಜಾರು ಎರಡು ಮೂರು ಕಿಲೋಮೀಟರ್ ಹಾಗೇ ಜಾರುತ್ತ ಹೋಗುತ್ತದೆ. ಕಣ್ಣಿಗೆ ಸಪಾಟು ಅನಿಸಿದರೂ ಕಾಲಿಗೆ ಗೊತ್ತಾಗುತ್ತದೆ.

ಬೆಣ್ಣೆಹಳ್ಳ ಹುಟ್ಟುವುದು ಶಿಗ್ಗಾಂವಿ ತಾಲ್ಲೂಕಿನ ದುಂಡಶಿ ಕಡೆ. ಬೇಸಿಗೆಯಲ್ಲಿ ನೋಡಿದರೆ ಇದು ಹಳ್ಳವೇ ಅಂತ ಕೇಳುವ ಹಾಗಿರುತ್ತದೆ. ಮಳೆಗಾಲದಲ್ಲಿ ಇದೇ ನವಲಗುಂದ ಸೀಮೆಯ ಹೊಲ, ರಸ್ತೆ ಎಲ್ಲ ಮುಳುಗಿಸುತ್ತದೆ. ಯಾಕೆ ಅಂತ ಸೈಕಲ್ ಮೇಲೆ ಹೋದರೆ ತಿಳಿಯುತ್ತದೆ. ನೆಲದ ಇಳುಕಲು ಬಹಳ ಕಡಿಮೆ, ಹಾಗಾಗಿ ನೀರು ಬೇಗ ಓಡುವುದಿಲ್ಲ. ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿದರೆ ಮುಂದೆ ನೀರು ಕುಡಿಯುವುದಿಲ್ಲ. ದಿಬ್ಬದ ಕಡೆಯಿಂದ ಬಂದ ನೀರಿಗೆ ಅಕ್ಕಪಕ್ಕ ಹರಡುವುದೊಂದೇ ದಾರಿ. ಸೇತುವೆ ಹತ್ತಿರದ ಜಾಲಿಗಿಡಗಳಲ್ಲಿ ನನ್ನ ತಲೆಗಿಂತ ಮೇಲೆ ಕಸಕಡ್ಡಿ ಸಿಕ್ಕಿಕೊಂಡಿತ್ತು. ನೀರು ಅಲ್ಲಿವರೆಗೆ ಬಂದಿತ್ತು.

ಹಳ್ಳದ ದಂಡೆ ನೋಡಬೇಕು ಅಂತ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದೆ. ಐವತ್ತು ಮೀಟರ್ ಹೋಗುವುದರೊಳಗೆ ಚಕ್ರ ನಿಂತಿತು. ಎರೆ ಮಣ್ಣು ಟೈರಿಗೆ ಹತ್ತಿ, ಬ್ರೇಕಿನ ಕೆಳಗೆ ತುಂಬಿ, ಗಾರೆಯ ಹಾಗೆ ಕೂತಿತ್ತು. ತಳ್ಳಿದರೂ ತಿರುಗಲಿಲ್ಲ. ಸೈಕಲ್ ಹೆಗಲ ಮೇಲೆ ಹೊತ್ತು ವಾಪಸ್ ಬಂದೆ. ಹತ್ತಿ ಹೊಲದಲ್ಲಿದ್ದ ತಾಯಿ ಒಬ್ಬರು ಕಡ್ಡಿ ಕೊಟ್ಟು, ಕೊಡದಿಂದ ನೀರು ಸುರಿದು ತೊಳೆಯಲು ನೆರವಾದರು. ಕುಡಿಯಲು ಒಯ್ದಿದ್ದ ನೀರು ಅದು. ಬೇಡ ಅಂದರೂ ಕೇಳಲಿಲ್ಲ.

ನವಲಗುಂದದ ಹತ್ತಿರದ ಯಮನೂರಿಗೂ ಹೋಗಿ ಬಂದೆ. ಬೆಣ್ಣೆಹಳ್ಳದ ದಂಡೆಯ ಊರು. ಇಲ್ಲಿಯ ಚಾಂಗದೇವನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಹಳ್ಳದ ನೀರಿನಿಂದ ದೀಪ ಹಚ್ಚುವುದು ಇಲ್ಲಿಯ ನಂಬಿಕೆ. ನಾನು ಹೋದಾಗ ಜಾತ್ರೆ ಇರಲಿಲ್ಲ, ಒಬ್ಬ ಹುಡುಗ ಎಮ್ಮೆ ಮೈ ತೊಳೆಯುತ್ತಿದ್ದ.

ವಾಪಸ್ ದಾರಿಯಲ್ಲಿ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಕಾಳಿನ ಮೇಲೆ ಸಪೂರ ಟೈರ್ ಹೋದರೆ ಗುಂಡಿನ ಮೇಲೆ ಹೋದ ಹಾಗೆ ಜಾರುತ್ತದೆ. ಬ್ರೇಕ್ ಹಿಡಿಯಬಾರದು, ತಿರುಗಿಸಬಾರದು. ಇಳಿದು ನಡೆಯುವುದೇ ಸರಿ. ರೈತರ ವರ್ಷದ ರಾಶಿ ಅದು, ತುಳಿಯುವುದೂ ತಪ್ಪು. ಒಟ್ಟು 92 ಕಿ.ಮೀ., ಏರಿದ್ದು 380 ಮೀಟರ್ ಮಾತ್ರ.

ಡಿಸೆಂಬರ್: ಮುಳ್ಳು

ಮೂಡಣ ಗಾಳಿ ಶುರುವಾಯಿತು. ಅಣ್ಣಿಗೇರಿವರೆಗೆ ಹೋಗಿ ಬರುವಾಗ ಒಂದೇ ದಿನ ಮೂರು ಪಂಕ್ಚರ್. ಮೂರೂ ಬಳ್ಳಾರಿ ಜಾಲಿ ಮುಳ್ಳು. ರಸ್ತೆ ಬದಿಯ ಜಾಲಿ ಕಡಿದಾಗ ಮುಳ್ಳೆಲ್ಲ ಅಂಚಿಗೆ ಬಂದು ಬೀಳುತ್ತದೆ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ನೋಡಲೇಬೇಕು. ಎರಡನೆಯ ಪಂಕ್ಚರ್ ಆದದ್ದು ಮೊದಲ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರಿಂದ. ಈಗ ಎರಡು ಟ್ಯೂಬ್, ಪ್ಯಾಚ್ ಪೆಟ್ಟಿಗೆ, ಒಂದು ಸಣ್ಣ ಚಿಮಟ ಯಾವಾಗಲೂ ಜೊತೆಗಿರುತ್ತವೆ.

ಜನವರಿ: ಗಳಗನಾಥ

ಇದು ನನ್ನ ದಿಬ್ಬದ ನೀರಲ್ಲ. ಆದರೆ ಎರಡು ನದಿ ಕೂಡುವುದನ್ನು ಕಣ್ಣಾರೆ ನೋಡಬೇಕಿತ್ತು. ಗೆಳೆಯನ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಹಾವೇರಿಗೆ ಹೋದೆ. ಅಲ್ಲಿಂದ ಗುತ್ತಲದ ಮೇಲೆ ಗಳಗನಾಥಕ್ಕೆ. ಸಾಗರದ ಕಡೆಯಿಂದ ಬರುವ ವರದಾ ಇಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸಂಗಮದ ಹತ್ತಿರವೇ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಅದರ ಬುಡ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ನೆಲಕ್ಕೆ ಇಳಿಯುತ್ತದೆ.

ಬೂಟು ಬಿಚ್ಚಿ ನೀರಲ್ಲಿ ಕಾಲಿಟ್ಟು ಕೂತೆ. ವರದೆಯ ನೀರೂ ಕೊನೆಗೆ ಕೃಷ್ಣೆಗೇ ಹೋಗುತ್ತದೆ. ಅಂದರೆ ಬೆಣ್ಣೆಹಳ್ಳದ ನೀರು, ಈ ನೀರು, ಎರಡೂ ದೂರ ಎಲ್ಲೋ ಒಂದಾಗುತ್ತವೆ. ಅಲ್ಲಿಗೆ ನನ್ನ ಸೈಕಲ್ ಹೋಗುವುದಿಲ್ಲ. ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡುವ ಜಾಗಕ್ಕಂತೂ ಹೋಗಬಹುದು. ರೋಣ ತಾಲ್ಲೂಕು, ಒಂದೇ ದಿಕ್ಕಿಗೆ ನೂರು ಕಿಲೋಮೀಟರ್ ಹತ್ತಿರ. ಫೆಬ್ರವರಿಯಲ್ಲಿ ಹೊರಡುತ್ತೇನೆ, ಬಿಸಿಲು ಏರುವ ಮೊದಲು. ವಾಪಸ್ ಬರಲು ಹೊಳೆಆಲೂರಿನಲ್ಲಿ ರೈಲಿದೆ, ಗದಗ ಮೇಲೆ ಹುಬ್ಬಳ್ಳಿ. ಹುಬ್ಬಳ್ಳಿಯಿಂದ ಧಾರವಾಡದ ಏರನ್ನು ಮಾತ್ರ ಸೈಕಲ್ ಮೇಲೇ ಹತ್ತಬೇಕು ಅಂತಿದೆ.